ಸಾಯಿಲ್ ಸ್ಟೆಬಿಲೈಸೇಶನ್ ಅಂದ್ರ ಏನು? ಎರಿ ಮಣ್ಣಿಗಿ ಸಿಮೆಂಟ್, ಹಾರುಬೂದಿ ಯಾಕ ಹಾಕ್ತಾರ?

ಕಲಬುರಗಿ ಕಡಿ ಬ್ಯಾಸಗ್ಯಾಗ ಹೊಲಕ್ಕ ಹೋದ್ರ ಎರಿ ಮಣ್ಣು ಕೈ ಹೋಗೋವಷ್ಟು ಬಿರುಕು ಬಿಟ್ಟಿರ್ತದ, ಮಳಿ ಬಿತ್ತಂದ್ರ ಅದೇ ಮಣ್ಣು ಉಬ್ಬಿ ಬಿರುಕೆಲ್ಲ ಮುಚ್ಚಿ ಕಾಲಿಗಿ ಅಂಟಕೊಂಡು ಚಪ್ಪಲಿ ಎತ್ತಕ್ಕೂ ಬಿಡಂಗಿಲ್ಲ. ತೊಗರಿಗಿ ಭಾಳ ಚಲೋ ಮಣ್ಣು, ಖರೆ, ಆದ್ರ ಇದರ ಮ್ಯಾಲ ಹಂಗೇ ರಸ್ತೆ ಹಾಕಿದ್ರ ಡಾಂಬರು ಅಲೆ ಎದ್ದಂಗ ಆಗ್ತದ, ಮನಿ ಕಟ್ಟಿದ್ರ ಗ್ವಾಡಿ ಬಿರಿತಾವ.

ಇದಕ್ಕ ಮಾಡೋ ಉಪಾಯಕ್ಕ ಸಾಯಿಲ್ ಸ್ಟೆಬಿಲೈಸೇಶನ್, ಅಂದ್ರ ಮಣ್ಣಿನ ಸ್ಥಿರೀಕರಣ ಅಂತಾರ. ಭಾಳ ಮಂದಿ ಮಣ್ಣು ಗಟ್ಟಿ ಮಾಡೋದು ಅಂತಷ್ಟೇ ತಿಳ್ಕೊಂಡಾರ. ಒಣಗಿದ ಎರಿ ಹೆಂಟಿ ಮೊದಲೇ ಕಲ್ಲಿನಂಗ ಇರ್ತದಲ್ರಿ, ಬಿಡಿಸಬೇಕಾಗಿದ್ದು ನೀರು ಕಂಡ ಕೂಡ್ಲೇ ಉಬ್ಬೋ ಅದರ ಚಾಳಿ.

ಆ ಚಾಳಿಗಿ ಕಾರಣ ಮಾಂಟ್‌ಮೊರಿಲೊನೈಟ್ ಅನ್ನೋ ಖನಿಜ. ಅದರ ಪದರ ಪದರದ ನಡುವ ನೀರು ಹೊಕ್ಕು ಪದರ ದೂರ ಸರಿಸ್ತದ. ಸಿಮೆಂಟ್ ಬೆರೆಸಿ ನೀರು ಹಾಕಿದ್ರ ಕ್ಯಾಲ್ಸಿಯಂ ಬಿಡ್ತದ, ಅದು ಕಣದ ಮೈಮ್ಯಾಲಿನ ಸೋಡಿಯಂನಂಥವುಗಳ ಜಾಗಕ್ಕ ಬಂದು ಕೂಡ್ತದ, ಕಣ ಎಲ್ಲ ಗುಂಪಾಗಿ ಅಂಟೋ ಮಣ್ಣು ಪುಡಿಪುಡಿ ಆಗ್ತದ, ಆಮ್ಯಾಲ ಸಿಮೆಂಟ್ ಕಣಗಳನ್ನ ಬಿಗಿದು ಹಿಡಿತದ. ಹಾರುಬೂದಿ ಅಂದ್ರ ಥರ್ಮಲ್ ಪ್ಲಾಂಟಿನ ಫ್ಲೈ ಆ್ಯಶ್, ಅದರ ಕೆಲಸ ನಿಧಾನ. ಅದರಾಗಿನ ಸಿಲಿಕಾ, ಅಲ್ಯುಮಿನಾ ಎರಡೂ ಸಿಮೆಂಟ್ ಬಿಟ್ಟ ಸುಣ್ಣದ ಜೋಡಿ ಕೂಡಿ ವಾರಗಟ್ಟಲೆ, ತಿಂಗಳುಗಟ್ಟಲೆ ಬಲ ಕೊಡ್ತಾ ಹೋಗ್ತಾವ, ಇದೇ ಪೊಜೊಲಾನಿಕ್ ಕ್ರಿಯೆ. ನಮ್ಮ ದೇಶದ ಬೂದ್ಯಾಗ ಸುಣ್ಣ ಕಡಿಮಿ, ಹಿಂಗಾಗಿ ಬರೇ ಬೂದಿ ಹಾಕಿದ್ರ ಸಾಲಂಗಿಲ್ಲ, ಸಿಮೆಂಟೋ ಸುಣ್ಣಾನೋ ಜೋಡಿ ಬೇಕೇ ಬೇಕು. ನಮಗ ಎರಡೂ ಸನೇದಾಗೇ ಅವ, ಬೂದಿ ಯಾದಗಿರಿ ದಾಟಿದ್ರ ರಾಯಚೂರಿನ ಶಕ್ತಿನಗರದಾಗ, ಸಿಮೆಂಟ್ ವಾಡಿ, ಸೇಡಂ, ಮಳಖೇಡದಾಗ.

ಕೆಲಸ ಕೆಡೋದು ಹೆಚ್ಚಾಗಿ ಬೆರೆಸೋದ್ರಾಗ. ಹೆಂಟಿ ಸಣ್ಣಗ ಒಡೀಲಾರದೆ ಸಿಮೆಂಟ್ ಚೆಲ್ಲಿದ್ರ ಹೊರಗ ಬಿಳಿ, ಒಳಗ ಹಳೆ ಎರಿನೇ ಉಳೀತದ. ಬೆರೆಸಿದ ಮ್ಯಾಲ ಸುಮಾರು 2 ತಾಸಿನ್ಯಾಗ ರೋಲರ್ ಹೊಡೆದು ಮುಗಿಸ್ಬೇಕು, 7 ದಿನ ಹಸಿ ಇಡಬೇಕು, ಈ ಬಿಸಲಾಗ ಅದನ್ನ ಬಿಟ್ರ ಮುಗೀತು. ಮಣ್ಣಿನ್ಯಾಗ ಜಿಪ್ಸಂ ಇದ್ರಂತೂ ಮೊದಲೇ ಪರೀಕ್ಷೆ ಮಾಡಿಸ್ರಿ, ಅದು ಸಿಮೆಂಟ್ ಜೋಡಿ ಸೇರಿ ಉಲ್ಟಾ ಉಬ್ಬಸ್ತದ.

ಚಾಳಿ ಬಿಡ್ತೋ ಇಲ್ಲೋ ನೋಡಕ್ಕ ಫ್ರೀ ಸ್ವೆಲ್ ಟೆಸ್ಟ್ ಅದ. 10 ಗ್ರಾಂ ಮಣ್ಣು ನೀರಿನ ಜಾರಿನ್ಯಾಗ, ಅಷ್ಟೇ ಮಣ್ಣು ಸೀಮೆಎಣ್ಣಿ ಜಾರಿನ್ಯಾಗ ಹಾಕಿ 24 ತಾಸು ಬಿಡ್ತಾರ. ಸೀಮೆಎಣ್ಣ್ಯಾಗ ಎರಿ ಉಬ್ಬಂಗಿಲ್ಲ, ನೀರಿನ್ಯಾಗ ಉಬ್ಬಿದ್ದು ಅದಕ್ಕಿಂತ 50 ಪರ್ಸೆಂಟ್ ದಾಟಿದ್ರ ಆ ಮಣ್ಣು ಹಂಗೇ ರಸ್ತೆಗಿ ತುಂಬಂಗಿಲ್ಲ. ಸಿಮೆಂಟ್, ಬೂದಿ ಬೆರೆಸಿದ ಮಣ್ಣಿಗೂ ಇದೇ ಟೆಸ್ಟ್ ಮಾಡ್ರಿ, ಎರಡೂ ಜಾರಿನ್ಯಾಗ ಮಣ್ಣು ಹೆಚ್ಚುಕಡಿಮಿ ಒಂದೇ ಎತ್ತರಕ್ಕ ಕೂತಿರ್ಬೇಕು.