ಕೌಬರ್ಡ್ ಹಿತ್ತಲಿಗೆ ಬಂದ ದಾರಿ

ಹನ್ನೆರಡು ಗ್ರಾಂ ತೂಗುವ ಚಿಪ್ಪಿಂಗ್ ಸ್ಪ್ಯಾರೋ ಎಂಬ ಪುಟ್ಟ ಹಕ್ಕಿ, ತನ್ನ ಎರಡರಷ್ಟು ದೊಡ್ಡದಾದ ಬೂದು ಮರಿಯ ಬಾಯಿಗೆ ಹುಳ ತುರುಕುತ್ತಿರುತ್ತದೆ. ಅಮೆರಿಕದ ಊರುಗಳ ಹಿತ್ತಲುಗಳಲ್ಲಿ ಬೇಸಿಗೆಯ ಆರಂಭದಲ್ಲಿ ಇದು ಅಪರೂಪದ ನೋಟವಲ್ಲ. ಆ ಮರಿ ಕಂದುತಲೆಯ ಕೌಬರ್ಡಿನದು. ನಮ್ಮ ಕೋಗಿಲೆ ಮುಖ್ಯವಾಗಿ ಕಾಗೆಯ ಗೂಡನ್ನು ನೆಚ್ಚಿಕೊಂಡರೆ, ಕೌಬರ್ಡ್ ಮೊಟ್ಟೆಗಳು ಇನ್ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳ ಗೂಡುಗಳಲ್ಲಿ ಸಿಕ್ಕಿವೆ. ಇವುಗಳಲ್ಲಿ ಹಲವು ಜಾತಿಗಳಿಗೆ ಈ ಹಕ್ಕಿಯ ಪರಿಚಯವಾಗಿ ಇನ್ನೂರು ಮುನ್ನೂರು ವರ್ಷವಷ್ಟೇ ಆಗಿದೆ. ತೊಂದರೆಯ ಬೇರು ಇರುವುದು ಇಲ್ಲೇ.

ಕೌಬರ್ಡ್ ಮೂಲತಃ ಅಮೆರಿಕದ ಮಧ್ಯಭಾಗದ ಹುಲ್ಲುಗಾವಲಿನದು. ಕೋಟಿಗಟ್ಟಲೆ ಬೈಸನ್‌ಗಳು ಮೇಯುತ್ತಿದ್ದ ಕಾಲದಲ್ಲಿ ಅವುಗಳ ಕಾಲಡಿಯಿಂದ ಏಳುವ ಮಿಡತೆ, ಹುಳಗಳನ್ನು ಹಿಡಿಯುತ್ತ, ಹುಲ್ಲಿನ ಬೀಜ ತಿನ್ನುತ್ತ ಹಿಂಡಿನ ಜೊತೆ ಸಾಗುತ್ತಿತ್ತು. ಹೀಗೆ ಅಲೆಯಬೇಕಾದ್ದರಿಂದಲೇ ಅದು ಗೂಡು ಕಟ್ಟುವುದನ್ನು ಬಿಟ್ಟಿತು ಎಂಬ ಮಾತು ಜನಪ್ರಿಯ. ಆದರೆ ಬೈಸನ್ ಇಲ್ಲದ ದಕ್ಷಿಣ ಅಮೆರಿಕದಲ್ಲಿರುವ ಇದರ ಹತ್ತಿರದ ಬಂಧುಗಳೂ ಪರರ ಗೂಡಿನಲ್ಲೇ ಮೊಟ್ಟೆ ಇಡುತ್ತವೆ. ಹಾಗಾಗಿ ಆ ವಿವರಣೆ ಸಾಲದು.

ಪೂರ್ವದ ದಟ್ಟ ಕಾಡುಗಳು ಈ ಹಕ್ಕಿಗೆ ತಡೆಯಾಗಿದ್ದವು. ಯುರೋಪಿನಿಂದ ಬಂದವರು ಕಾಡು ಕಡಿದು ಹೊಲ ಮಾಡಿದರು, ದನ ತಂದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬೈಸನ್‌ಗಳು ಬೇಟೆಗೆ ಸಿಕ್ಕಿ ಅಳಿವಿನ ಅಂಚು ಮುಟ್ಟಿದ್ದವು, ಕೌಬರ್ಡ್ ಮಾತ್ರ ದನದ ಕೊಟ್ಟಿಗೆಯ ಹತ್ತಿರ ಹಾಯಾಗಿತ್ತು. ಮುಂದೆ ಹುಲ್ಲುಹಾಸು, ಹಿತ್ತಲಿನ ಕಾಳಿನ ತಟ್ಟೆಗಳೂ ಸೇರಿಕೊಂಡವು. ಮುಂಜಾನೆ ಕಾಡಿನಂಚಿನಲ್ಲಿ ಮೊಟ್ಟೆ ಇಟ್ಟು, ಮಧ್ಯಾಹ್ನ ಕೆಲವು ಕಿಲೋಮೀಟರ್ ದೂರದ ಹೊಲದಲ್ಲಿ ಮೇಯುವುದು ಇದಕ್ಕೆ ಕಷ್ಟವಲ್ಲ. ಕಾಡು ತುಂಡು ತುಂಡಾದಷ್ಟೂ ಅದರ ಕೈಗೆಟುಕುವ ಗೂಡುಗಳು ಹೆಚ್ಚುತ್ತವೆ.

ಹೆಣ್ಣು ಕೌಬರ್ಡ್ ಕೊಂಬೆಯ ಮೇಲೆ ಸದ್ದಿಲ್ಲದೆ ಕುಳಿತು ಗೂಡು ಕಟ್ಟುವವರನ್ನು ಕಾಯುತ್ತದೆ. ಸೂರ್ಯ ಹುಟ್ಟುವ ಮೊದಲು, ಒಂದು ನಿಮಿಷವೂ ಹಿಡಿಯದಂತೆ, ಮೊಟ್ಟೆ ಇಟ್ಟು ಹೋಗುತ್ತದೆ. ಮನೆಯೊಡತಿಯ ಒಂದು ಮೊಟ್ಟೆಯನ್ನು ಹೊತ್ತೊಯ್ಯುವುದೂ ಉಂಟು. ಒಂದು ಋತುವಿನಲ್ಲಿ ನಲವತ್ತರವರೆಗೂ ಮೊಟ್ಟೆ ಇಡಬಲ್ಲದು. ಹತ್ತರಿಂದ ಹನ್ನೆರಡು ದಿನಕ್ಕೆ ಮರಿ ಹೊರಬರುತ್ತದೆ. ಗೂಡಿನ ಸ್ವಂತ ಮರಿಗಳು ಕಣ್ಣು ಬಿಡುವ ಹೊತ್ತಿಗೆ ಇದು ದೊಡ್ಡದಾಗಿ, ಕತ್ತು ಮೇಲೆತ್ತಿ, ಹೆಚ್ಚು ಗಟ್ಟಿಯಾಗಿ ಕೂಗಿ ಪಾಲು ಕಸಿಯುತ್ತಿರುತ್ತದೆ. ಆದರೂ ಯುರೋಪಿನ ಕಕ್ಕೂ ಮರಿಯಂತೆ ಉಳಿದವನ್ನು ಹೊರದಬ್ಬುವುದಿಲ್ಲ. ಇದಕ್ಕೊಂದು ಕಾರಣ 2004ರಲ್ಲಿ ಪ್ರಕಟವಾದ ಪ್ರಯೋಗದಿಂದ ತಿಳಿಯಿತು: ಫೀಬಿ ಹಕ್ಕಿಯ ಗೂಡಿನಲ್ಲಿ ಎರಡು ಸ್ವಂತ ಮರಿಗಳು ಜೊತೆಗಿದ್ದಾಗ ಕೌಬರ್ಡ್ ಮರಿ ಒಂಟಿಯಾಗಿದ್ದಾಗಿನದಕ್ಕಿಂತ ಬೇಗ ಬೆಳೆಯಿತು. ಬಾಯಿಗಳು ಹೆಚ್ಚಿದರೆ ತಾಯಿತಂದೆ ಹೆಚ್ಚು ಆಹಾರ ತರುತ್ತವೆ, ಅದರಲ್ಲಿ ಸಿಂಹಪಾಲು ಇದರದೇ.

ಎಲ್ಲ ಹಕ್ಕಿಗಳೂ ಸುಮ್ಮನಿರುವುದಿಲ್ಲ. ರಾಬಿನ್ ಮತ್ತು ಕ್ಯಾಟ್‌ಬರ್ಡ್ ಚುಕ್ಕೆಯ ಮೊಟ್ಟೆಯನ್ನು ಗುರುತಿಸಿ ಹೊರಹಾಕುತ್ತವೆ. ಹಳದಿ ವಾರ್ಬ್ಲರ್ ಅದರ ಮೇಲೆ ಹೊಸ ತಳ ಕಟ್ಟಿ ಮುಚ್ಚಿಬಿಡುತ್ತದೆ, ಹಾಗೆ ಹಲವು ಅಂತಸ್ತು ಕಟ್ಟಿದ ಗೂಡುಗಳೂ ಸಿಕ್ಕಿವೆ. ಹೌಸ್ ಫಿಂಚ್ ತನ್ನ ಮರಿಗಳಿಗೆ ಬೀಜವನ್ನೇ ತಿನ್ನಿಸುವುದರಿಂದ, ಹುಳದ ಪ್ರೋಟೀನ್ ಬೇಕಾದ ಕೌಬರ್ಡ್ ಮರಿ ಅಲ್ಲಿ ಸಾಮಾನ್ಯವಾಗಿ ಬದುಕುವುದಿಲ್ಲ.

ರಕ್ಷಣೆಯೇ ಇಲ್ಲದಿದ್ದ ಜಾತಿ ಮಿಷಿಗನ್‌ನ ಕರ್ಟ್‌ಲ್ಯಾಂಡ್ ವಾರ್ಬ್ಲರ್. ಎಳೆಯ ಜ್ಯಾಕ್ ಪೈನ್ ಮರಗಳ ಬುಡದಲ್ಲಿ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿ ಇದು. 1961ರ ಗಣತಿಯಲ್ಲಿ ಹಾಡುವ ಗಂಡುಗಳು 502 ಇದ್ದವು, 1971ರಲ್ಲಿ ಉಳಿದದ್ದು 201. ಆಗ ನೋಡಿದ ಗೂಡುಗಳಲ್ಲಿ ಮೂರನೆಯ ಎರಡರಷ್ಟರಲ್ಲಿ ಕೌಬರ್ಡ್ ಮೊಟ್ಟೆ ಇತ್ತು. 1972ರಿಂದ ಬಲೆಗೂಡುಗಳನ್ನು ಇಟ್ಟರು. ತಂತಿಜಾಲದ ದೊಡ್ಡ ಪಂಜರ, ಒಳಗೆ ಕಾಳು, ನೀರು, ಸೆಳೆಯಲು ಕೆಲವು ಜೀವಂತ ಕೌಬರ್ಡ್‌ಗಳು. ಮೇಲಿನ ಕಿಂಡಿಯಿಂದ ರೆಕ್ಕೆ ಮಡಚಿ ಇಳಿದ ಹಕ್ಕಿ ರೆಕ್ಕೆ ಬಿಚ್ಚಿ ಅದೇ ಕಿಂಡಿಯಿಂದ ಹೊರಹೋಗಲಾರದು. ಕೌಬರ್ಡ್ ಮೊಟ್ಟೆಗಳ ಹಾವಳಿ ತೀರಾ ಇಳಿಯಿತು, ಗೂಡಿನಿಂದ ಹಾರುವ ಮರಿಗಳು ಹೆಚ್ಚಿದವು. ಆದರೆ ವಾರ್ಬ್ಲರ್ ಸಂಖ್ಯೆ ಏರಲಿಲ್ಲ! 1987ರಲ್ಲಿ ಎಣಿಕೆಗೆ ಸಿಕ್ಕಿದ್ದು ಬರೀ 167 ಗಂಡುಗಳು. ಕೊರತೆ ಇದ್ದದ್ದು ಎಳೆಯ ಪೈನ್ ಕಾಡಿನದು. 1980ರಲ್ಲಿ ಮ್ಯಾಕ್ ಲೇಕ್ ಬಳಿ ಕೈಮೀರಿದ ಬೆಂಕಿ ಸುಮಾರು 24,000 ಎಕರೆ ಸುಟ್ಟಿತ್ತು. ಅಲ್ಲಿ ಮತ್ತೆ ಚಿಗುರಿದ ಪೈನ್ ತಕ್ಕ ಎತ್ತರಕ್ಕೆ ಬಂದ ಮೇಲೆ, ನೆಟ್ಟು ಬೆಳೆಸಿದ ಪೈನ್ ತೋಪುಗಳೂ ಕೂಡಿಕೊಂಡು, ಹಕ್ಕಿ ಚೇತರಿಸಿಕೊಂಡಿತು. 2019ರಲ್ಲಿ ಅಪಾಯದಂಚಿನ ಪಟ್ಟಿಯಿಂದ ಅದನ್ನು ತೆಗೆದರು. ಬಲೆಗೂಡು ವಾರ್ಬ್ಲರ್‌ಗೆ ಕಾಲಾವಕಾಶ ಕೊಟ್ಟಿತು, ಉಳಿಸಿದ್ದು ನೆಲೆ ಎಂದೇ ನಾವು ಓದುತ್ತೇವೆ.

ಹಿತ್ತಲಿನ ಗೂಡಿನಲ್ಲಿ ಕೌಬರ್ಡ್ ಮೊಟ್ಟೆ ಕಂಡರೆ ಎತ್ತಿ ಎಸೆಯಬೇಕೆನಿಸುವುದು ಸಹಜ. ಎಸೆಯಬೇಡಿ. ಕೌಬರ್ಡ್ ಅಲ್ಲಿಯ ದೇಶೀಯ ಹಕ್ಕಿ, 1918ರ ವಲಸೆ ಹಕ್ಕಿಗಳ ಕಾಯ್ದೆಯಡಿ ಅದರ ಮೊಟ್ಟೆಗೂ ರಕ್ಷಣೆ ಇದೆ. ಪರವಾನಗಿ ಇಲ್ಲದೆ ತೆಗೆಯುವುದು ಅಪರಾಧ. ತೆಗೆದರೂ ಲಾಭ ಖಚಿತವಲ್ಲ. ಇಲಿನಾಯ್‌ನಲ್ಲಿ ಪ್ರೊಥೊನೊಟರಿ ವಾರ್ಬ್ಲರ್ ಹಕ್ಕಿಯ ಗೂಡುಪೆಟ್ಟಿಗೆಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೌಬರ್ಡ್ ಮೊಟ್ಟೆ ತೆಗೆದ ಗೂಡುಗಳ ಪೈಕಿ 56% ಹಾಳಾದವು (ಕೌಬರ್ಡ್ ಮರಳಿ ಬಂದು ಕೆಡಿಸಿದಂತೆ ತೋರಿತು), ಬಿಟ್ಟ ಗೂಡುಗಳಲ್ಲಿ ಹಾಳಾದದ್ದು 6% ಮಾತ್ರ. ಕೌಬರ್ಡ್ ಒಳಬರಲಾಗದಂತೆ ಬಾಗಿಲು ಕಿರಿದು ಮಾಡಿದ ಪೆಟ್ಟಿಗೆಗಳಿಗೆ ಏನೂ ಆಗಲಿಲ್ಲ.

ಹಿತ್ತಲಿನಲ್ಲಿ ಫಲ ಕೊಡುವ ಉಪಾಯವೂ ಇದೇ ಜಾಡಿನದು. ಗೂಡುಪೆಟ್ಟಿಗೆಯ ರಂಧ್ರ 38 ಮಿಲಿಮೀಟರ್ ಮೀರಬಾರದು, ರೆನ್, ಚಿಕಡೀಗಳಿಗೆ 28 ಸಾಕು. ಅಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹಕ್ಕಿಗಳಿಗೆ ಕಾಳು ಹಾಕುವವರು ಏಪ್ರಿಲ್‌ನಿಂದ ಜುಲೈವರೆಗೆ ಸಿರಿಧಾನ್ಯ, ಒಡೆದ ಮೆಕ್ಕೆಜೋಳ, ಸೂರ್ಯಕಾಂತಿ ಬೀಜ ನಿಲ್ಲಿಸುವುದು ಒಳ್ಳೆಯದು, ಕೌಬರ್ಡ್‌ಗೆ ಇಷ್ಟವಾದವು ಇವೇ. ಬದಲಿಗೆ ಕುಸುಬೆ, ನೈಜರ್ ಎಂದು ಮಾರುವ ಹುಚ್ಚೆಳ್ಳು, ಮಕರಂದದ ನೀರು ಇಡಬಹುದು. ಅಗಲ ತಟ್ಟೆ ಬೇಡ: ಕೊಳವೆಯಾಕಾರದ, ಗಿಡ್ಡ ಕಡ್ಡಿಯ, ಕೆಳಗೆ ತಟ್ಟೆಯಿಲ್ಲದ ಫೀಡರ್ ಇರಲಿ, ದೊಡ್ಡ ಹಕ್ಕಿಗೆ ಕೂರಲು ಅಲ್ಲಿ ಜಾಗ ಸಾಲದು. ಕೆಳಗೆ ಉದುರಿದ ಕಾಳನ್ನು ದಿನವೂ ಗುಡಿಸಬೇಕು. ಕೌಬರ್ಡ್ ನೆಲದಲ್ಲಿ ಹೆಕ್ಕುವ ಹಕ್ಕಿ, ಫೀಡರ್ ಬದಲಿಸಿ ನೆಲ ಗುಡಿಸದಿದ್ದರೆ ಅದು ಬರುವುದು ನಿಲ್ಲುವುದಿಲ್ಲ.