ಟ್ಯಾಂಕರ್ ನೀರಲ್ಲಿ ಸೋಪು ಯಾಕೆ ನೊರೆ ಬರಲ್ಲ?

"ಕಾವೇರಿ ನೀರು ಬಂದ ದಿನ ಸೋಪು ಚೆನ್ನಾಗಿ ನೊರೆ ಬರುತ್ತೆ, ಟ್ಯಾಂಕರ್ ಹಾಕಿಸಿದ ದಿನ ಎಷ್ಟು ಉಜ್ಜಿದ್ರೂ ಇಲ್ಲ, ಬಕೆಟ್ ಬೇರೆ ಬೆಳ್ಳಗಾಗುತ್ತೆ. ಸೋಪೇ ಡೂಪ್ಲಿಕೇಟಾ?" ಬೇಸಿಗೆ ಬಂತು ಅಂದ್ರೆ ವೈಟ್‌ಫೀಲ್ಡ್ ಕಡೆಯವರು ಕೇಳೋ ಪ್ರಶ್ನೆ ಇದೇ.

ಸೋಪು ಪಾಪ ಏನೂ ಮಾಡಿಲ್ಲ. ಟ್ಯಾಂಕರಲ್ಲಿ ಬರೋದು ಹೆಚ್ಚಾಗಿ ಬೋರ್ ನೀರು, ಅದು ಬಂಡೆ ಸಂದಿಯಲ್ಲಿ ವರ್ಷಗಟ್ಲೆ ಕೂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸ್ಕೊಂಡಿರುತ್ತೆ. ಇನ್ನು ಸೋಪು ಅಂದ್ರೆ ಎಣ್ಣೆಯಿಂದ ಬಂದ ಒಂದು ಉದ್ದ ಬಾಲ, ಅದರ ತುದೀಲೊಂದು ಸೋಡಿಯಂ. ಬಾಲದೊಳಗಿನ ಕಾರ್ಬನ್‌ಗಳು ಎಲೆಕ್ಟ್ರಾನ್ ಹಂಚ್ಕೊಂಡು ಗಟ್ಟಿಯಾಗಿ ಹಿಡ್ಕೊಂಡಿರ್ತವೆ, ಅದು ಕೋವೇಲೆಂಟ್ ಬಂಧ. ಸೋಡಿಯಂ ಹಾಗಲ್ಲ, ಒಂದು ಎಲೆಕ್ಟ್ರಾನ್ ಕೊಟ್ಟುಬಿಟ್ಟು ಪ್ಲಸ್ ಚಾರ್ಜ್ ಇಟ್ಕೊಂಡು ಪಕ್ಕದಲ್ಲಿ ನಿಂತಿರುತ್ತೆ, ಇದು ಅಯಾನಿಕ್ ಬಂಧ, ನೀರಿಗೆ ಬಿದ್ದ ತಕ್ಷಣ ಬಿಟ್ಟು ಹೊರಟೇಬಿಡುತ್ತೆ. ಆದ್ರೆ ಕ್ಯಾಲ್ಸಿಯಂ ಹತ್ರ ಇರೋದು ಎರಡು ಪ್ಲಸ್, ಹಾಗಾಗಿ ಒಂದೇ ಕ್ಯಾಲ್ಸಿಯಂ ಎರಡೆರಡು ಸೋಪಿನ ಬಾಲ ಹಿಡ್ಕೊಳ್ಳುತ್ತೆ, ಆ ಜೋಡಿ ನೀರಲ್ಲಿ ಕರಗೋದೇ ಇಲ್ಲ, ಬಕೆಟ್ ಅಂಚಲ್ಲಿ ಕೂರೋ ಜಿಗುಟು ಗಸಿ ಅದೇ. ಇರೋ ಕ್ಯಾಲ್ಸಿಯಮ್ಮಿಗೆಲ್ಲ ಸೋಪು ಬಲಿ ಕೊಟ್ಟ ಮೇಲಷ್ಟೇ ನಿಮಗೆ ನೊರೆ. ಬಟ್ಟೆ ಪೌಡರ್‌ಗಳಲ್ಲಿರೋ ಡಿಟರ್ಜೆಂಟಿನ ತಲೆ, ಅಂದ್ರೆ ಬಾಲದ ಚಾರ್ಜ್ ಇರೋ ತುದಿ, ಬೇರೆ ಥರದ್ದು, ಅದಕ್ಕೆ ಇಷ್ಟು ತೊಂದ್ರೆ ಇಲ್ಲ.

ಗೀಸರ್ ಕಾಯಿಲ್ ಮೇಲೆ ಕೂರೋ ಬಿಳಿ ಹಕ್ಕಳೆ ಬೇರೆ ಕಥೆ. ನೀರಲ್ಲಿ ಬೈಕಾರ್ಬೊನೇಟ್ ಆಗಿ ಕರಗಿರೋ ಕ್ಯಾಲ್ಸಿಯಂ, ಕಾಯಿಸಿದಾಗ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಕಾರ್ಬೊನೇಟ್ ಆಗಿ ಕೂತ್ಕೊಳ್ಳುತ್ತೆ, ಅಂದ್ರೆ ಮೊಟ್ಟೆ ಚಿಪ್ಪಲ್ಲಿರೋ ಪದಾರ್ಥಾನೇ. ನಲ್ಲಿ ಮೇಲೆ ಹಾಗಾಗಿದ್ರೆ ನಿಂಬೆಹೋಳು ಉಜ್ಜಿ, ಸಣ್ಣ ಗುಳ್ಳೆ ಏಳುತ್ತೆ, ಆಮ್ಲ ಅದನ್ನ ಕರಗಿಸ್ತಿದೆ ಅಂತ ಅರ್ಥ. ಮಾರ್ಬಲ್ ನೆಲದ ಮೇಲೆ ಮಾತ್ರ ಬೇಡ, ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ, ಪಾಲಿಶ್ ಹೋಗುತ್ತೆ. ಹಾಗೇ ಯಾವ ಆಸಿಡ್ಡನ್ನೂ ಬ್ಲೀಚ್ ಜೊತೆ ಬೆರೆಸ್ಬೇಡಿ, ಕ್ಲೋರಿನ್ ಗ್ಯಾಸ್ ಬರುತ್ತೆ, ಬಾತ್‌ರೂಮಿನಂಥ ಸಣ್ಣ ಜಾಗದಲ್ಲಿ ಅದು ತಮಾಷೆ ಅಲ್ಲ.

ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಗಡಸುತನ (ಅಂದ್ರೆ ಈ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿದೆ ಅನ್ನೋದು) ಲೀಟರಿಗೆ 200 ಮಿಲಿಗ್ರಾಂ ಒಳಗಿರ್ಬೇಕು, ಬೇರೆ ನೀರಿನ ಮೂಲ ಇಲ್ಲದಿದ್ರೆ 600ರ ತನಕ ಓಕೆ. ಆದ್ರೆ ಗಡಸುತನ, ಟಿಡಿಎಸ್ (ನೀರಲ್ಲಿ ಕರಗಿರೋದೆಲ್ಲದರ ಒಟ್ಟು ಲೆಕ್ಕ) ಎರಡೂ ಒಂದೇ ಅಲ್ಲ, ಇಲ್ಲೇ ಅಪಾರ್ಟ್‌ಮೆಂಟ್ ಮೀಟಿಂಗಲ್ಲಿ ಜಗಳ ಶುರುವಾಗೋದು: ಗಡಸುತನ ತೆಗೆಯೋ ಸಾಫ್ಟ್‌ನರ್ ಹಾಕಿಸಿದ್ಮೇಲೂ ಟಿಡಿಎಸ್ ಮೀಟರ್ ಹೆಚ್ಚುಕಮ್ಮಿ ಹಳೇ ನಂಬರನ್ನೇ ತೋರಿಸ್ತಿದೆ, ಮೋಸ ಅಂತ. ಮೋಸ ಅಲ್ಲ ಸಾರ್, ಒಳಗಿರೋ ರೆಸಿನ್ (ಪ್ಲಾಸ್ಟಿಕ್ ಥರದ ಸಣ್ಣ ಮಣಿಗಳು) ಕ್ಯಾಲ್ಸಿಯಮ್ಮನ್ನ ಹಿಡ್ಕೊಂಡು ಅದರ ಜಾಗಕ್ಕೆ ಸೋಡಿಯಂ ಬಿಡುತ್ತೆ, ಮೀಟರ್ ಅದನ್ನೂ ಲೆಕ್ಕಕ್ಕೆ ತಗೊಳ್ಳುತ್ತೆ. ರೆಸಿನ್ನಲ್ಲಿ ಖಾಲಿಯಾದ ಸೋಡಿಯಂ ಮತ್ತೆ ತುಂಬ್ಬೇಕಲ್ಲ, ಆವಾಗಾವಾಗ ಉಪ್ಪು ಸುರೀರಿ ಅನ್ನೋದು ಅದಕ್ಕೇ.