ಸಿಲ್ಕಿ ಕೋಳಿಯನ್ನು ಕೈಯಿಂದ ನೋಡಿ

ರಟ್ಟಿನ ಡಬ್ಬಿಯನ್ನು ನನ್ನ ಟೇಬಲ್ ಮೇಲಿಟ್ಟು ಕೋಳಿ ಸಾಕಿದವರು ಹೇಳಿದ್ದು ಇಷ್ಟು: "ಡಾಕ್ಟ್ರೇ, ಚೆನ್ನಾಗಿ ತಿಂತಾಳೆ, ದಪ್ಪಗೂ ಇದ್ದಾಳೆ, ಆದ್ರೆ ಎರಡು ದಿನದಿಂದ ಒಂದೇ ಕಡೆ ಕೂತಿದ್ದಾಳೆ." ಒಳಗೊಂದು ಬಿಳಿ ಸಿಲ್ಕಿ ಹೇಂಟೆ, ತುಪ್ಪಳದಂಥ ಗರಿಯ ಕೋಳಿ ತಳಿ. ನೋಡೋಕೆ ಹತ್ತಿಯ ಉಂಡೆ. ಎತ್ತಿಕೊಂಡು ಗರಿಯೊಳಗೆ ಬೆರಳು ತೂರಿಸಿ ಎದೆಮೂಳೆ ಮುಟ್ಟಿದೆ. ಚಾಕುವಿನ ಬೆನ್ನಿನ ಹಾಗೆ ಕೈಗೆ ಸಿಕ್ಕಿತು. ಅದರ ಎರಡೂ ಪಕ್ಕ ಮಾಂಸವೇ ಇಲ್ಲ. ತಕ್ಕಡಿಯಲ್ಲಿ 610 ಗ್ರಾಂ ಬಂತು, ಆ ಗಾತ್ರದ ಹೇಂಟೆ 900 ಗ್ರಾಂ ಆಸುಪಾಸು ಇರಬೇಕಿತ್ತು. ಅವರ ಬೆರಳನ್ನೇ ತಂದು ಅದೇ ಜಾಗದಲ್ಲಿ ಇಟ್ಟೆ. ಸ್ವಲ್ಪ ಹೊತ್ತು ಅವರು ಮಾತೇ ಆಡಲಿಲ್ಲ. ದಿನಾ ನೋಡುತ್ತಿದ್ದರು, ಪ್ರೀತಿಯಿಂದಲೇ ನೋಡುತ್ತಿದ್ದರು. ಮುಟ್ಟಿ ನೋಡಿರಲಿಲ್ಲ, ಅಷ್ಟೇ.

ಸಿಲ್ಕಿ ಸಾಕುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಬೇರೆ ಕೋಳಿಯನ್ನು ದೂರದಿಂದ ನೋಡಿದರೂ ಅರ್ಧ ವಿಷಯ ಗೊತ್ತಾಗುತ್ತದೆ. ಸಿಲ್ಕಿ ಹಾಗಲ್ಲ. ಸೊರಗಿದ್ದು, ಗಾಯ, ಹೇನು, ಎಲ್ಲವನ್ನೂ ಗರಿ ಮುಚ್ಚಿಡುತ್ತದೆ. ಇನ್ನೊಂದು ತೊಂದರೆಯೂ ಇದೆ. ಸಾಮಾನ್ಯ ಕೋಳಿಯ ತಲೆ ಮೇಲಿನ ಕೆಂಪು ಮಾಂಸದ ಚೊಟ್ಟಿ ಬಿಳಿಚಿಕೊಂಡರೆ ರಕ್ತ ಕಡಿಮೆ ಆಗಿದೆ ಅಂತ, ನೀಲಿಗಟ್ಟಿದರೆ ಉಸಿರಿಗೋ ಹೃದಯಕ್ಕೋ ತೊಂದರೆ ಇದೆ ಅಂತ ನಾವು ಅಂದಾಜು ಮಾಡುತ್ತೇವೆ. ಸಿಲ್ಕಿಯ ಚೊಟ್ಟಿ ಹುಟ್ಟಾ ಕಡು ನೇರಳೆ, ಮುಖವೂ ಕಪ್ಪು. ಹಾಗಾಗಿ ಬಣ್ಣ ನೋಡಿ ಹೇಳುವುದು ತುಂಬಾ ಕಷ್ಟ. ಉಳಿದದ್ದು ಕೈ ಮತ್ತು ತಕ್ಕಡಿ.

ಗರಿ ಯಾಕೆ ಹೀಗೆ ಅಂತ ತಿಳಿದುಕೊಂಡರೆ ಸಾಕಣೆಯ ಅರ್ಧ ಪಾಠ ಆದ ಹಾಗೆ. ಮಾಮೂಲಿ ಕೋಳಿಯ ಗರಿಯನ್ನು ಬೆರಳಿನಿಂದ ಕೆದಕಿ ಮತ್ತೆ ನೇವರಿಸಿ ನೋಡಿ, ಎಳೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಎಳೆಗಳ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿವೆ, ಅವೇ ಜಿಪ್ ಥರ ಹಿಡಿದಿಡುವುದು. ಸಿಲ್ಕಿಯ ಗರಿಯಲ್ಲಿ ಆ ಕೊಕ್ಕೆಗಳು ಸರಿಯಾಗಿ ಬೆಳೆಯುವುದಿಲ್ಲ. ಎಳೆಗಳು ಬಿಡಿಬಿಡಿಯಾಗಿ ನಿಂತು ರೇಷ್ಮೆಯ ಹಾಗೆ, ತುಪ್ಪಳದ ಹಾಗೆ ಅನಿಸುತ್ತವೆ. ಮುಟ್ಟಿದವರು ಮರುಳಾಗುವುದು ಸಹಜವೇ. 13ನೇ ಶತಮಾನದಲ್ಲಿ ಮಾರ್ಕೊ ಪೋಲೊ ಕೂಡ ಚೀನಾದ ಕಡೆಯ ಕೋಳಿಗಳ ಬಗ್ಗೆ ಹೇಳುವಾಗ, ಗರಿಯಿಲ್ಲದೆ ಬೆಕ್ಕಿನಂಥ ಕೂದಲಿರುವ ಕಪ್ಪು ಕೋಳಿಗಳು ಅಂತ ಬರೆಸಿದ್ದಾನೆ. ಅದು ಸಿಲ್ಕಿಯೇ ಇರಬೇಕು ಅಂತ ಬಹಳ ಜನ ನಂಬುತ್ತಾರೆ.

ಈ ಕೊಕ್ಕೆ ಇಲ್ಲದ ಗರಿಯಿಂದ ಎರಡು ವಿಷಯ ಆಗುತ್ತವೆ. ಒಂದು, ಸಿಲ್ಕಿ ಹಾರಲಾರದು. ಎತ್ತರದ ಕೋಲಿನ ಮೇಲೆ ರಾತ್ರಿ ಕೂರುವುದು ಅದಕ್ಕೆ ಆಗದ ಮಾತು. ಹೆಚ್ಚಿನವು ಗೂಡಿನ ಮೂಲೆಯಲ್ಲಿ ಒಂದರ ಮೇಲೊಂದು ಗುಂಪಾಗಿ ನೆಲದಲ್ಲೇ ಮಲಗುತ್ತವೆ. ಕೋಲು ಇಡಲೇಬೇಕು ಅಂದರೆ ನೆಲದಿಂದ ಒಂದು ಅಡಿ ಸಾಕು. ನೆಲದಲ್ಲಿ ಮಲಗುವ ಕೋಳಿ ಅಂದಮೇಲೆ ಅಲ್ಲಿನ ಮರದ ಹೊಟ್ಟೋ ಹುಲ್ಲೋ ಸದಾ ಒಣಗಿರಬೇಕು, ಹಾಗೇ ಹೆಗ್ಗಣ, ಹಾವು, ಬೆಕ್ಕು, ಮುಂಗುಸಿ ಒಳಗೆ ನುಗ್ಗದ ಹಾಗೆ ಸಣ್ಣ ಕಣ್ಣಿನ ಬಲವಾದ ಜಾಲರಿ ಇರಬೇಕು. ಎರಡನೆಯದು ನೀರು. ಬೇರೆ ಕೋಳಿಯ ಮೈಮೇಲೆ ಬಿದ್ದ ಹನಿ ಜಾರಿ ಹೋಗುತ್ತದೆ, ಸಿಲ್ಕಿಯದು ಚರ್ಮದವರೆಗೂ ನೆನೆಯುತ್ತದೆ. ಮಳೆಯಲ್ಲಿ ಸಿಕ್ಕಿಕೊಂಡರೆ ಸೂರಿನ ಕೆಳಗೆ ಓಡಬೇಕು ಅನ್ನುವ ಬುದ್ಧಿಯೂ ಕೆಲವಕ್ಕೆ ಬರುವುದಿಲ್ಲ, ನಿಂತಲ್ಲೇ ನೆನೆಯುತ್ತಾ ನಿಲ್ಲುತ್ತವೆ. ಗಾಳಿ ಸೇರಿದರೆ ಮೈ ತಣ್ಣಗಾಗಿ ಸಾಯಲೂಬಹುದು. ಮರಿಗಳಾದರೆ ಇನ್ನೂ ಬೇಗ. ನೆನೆದ ಕೋಳಿ ಸಿಕ್ಕರೆ ಮೊದಲು ಟವೆಲ್ಲಿನಲ್ಲಿ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಆಮೇಲೆ ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ, ನಿಮ್ಮ ಕೈಯನ್ನು ನಡುವೆ ಇಟ್ಟುಕೊಂಡು ಹಿಡಿಯಿರಿ. ಕೈಗೆ ಬಿಸಿ ಅನಿಸಿದರೆ ಕೋಳಿಗೆ ಇನ್ನೂ ಜಾಸ್ತಿ. ಹೊರಗೆ ಒಣಗಿದ ಹಾಗೆ ಕಂಡರೂ ಬುಡದಲ್ಲಿ ಒದ್ದೆ ಇರುತ್ತದೆ. ಅಲ್ಲೂ ಬೆರಳು ಹಾಕಿಯೇ ನೋಡಬೇಕು.

ಈಗ ತಲೆಯ ವಿಷಯ. ನನ್ನ ಹತ್ತಿರ ಬರುವ ಗಂಭೀರ ಕೇಸುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ. ಜುಟ್ಟು ದಟ್ಟವಾಗಿರುವ ಸಿಲ್ಕಿಗೆ ಕಣ್ಣು ಅರ್ಧ ಮುಚ್ಚಿರುತ್ತದೆ. ಮೇಲಿಂದ ಬರುವ ಗಿಡುಗವೂ ಕಾಣದು, ಪಕ್ಕದಿಂದ ಕುಕ್ಕಲು ಬರುವ ಜೊತೆಯ ಕೋಳಿಯೂ ಕಾಣದು. ಹಿತ್ತಲಿನ ಕೋಳಿಗಳಲ್ಲಿ ಯಾರು ಮೇಲು, ಯಾರು ಕೆಳಗೆ ಅಂತ ಒಂದು ಕ್ರಮ ಇರುತ್ತದಲ್ವಾ, ಅದರಲ್ಲಿ ಸಿಲ್ಕಿ ಹೆಚ್ಚಾಗಿ ಕೊನೆಗೇ ಬೀಳುತ್ತದೆ. ಬೇರೆಯವು ಗುರಾಯಿಸಿದ್ದು ಕಾಣದೆ ದಾರಿ ಬಿಡುವುದಿಲ್ಲ, ಆಗ ಕುಕ್ಕು ತಲೆಗೇ ಬೀಳುತ್ತದೆ. ಆ ತಲೆಯಲ್ಲಿ ಇನ್ನೊಂದು ಅಪಾಯ ಇದೆ. ಹಲವು ಸಿಲ್ಕಿಗಳ ಜುಟ್ಟಿನ ಕೆಳಗೆ ಬುರುಡೆ ಗುಮ್ಮಟದ ಹಾಗೆ ಉಬ್ಬಿರುತ್ತದೆ, ಅಲ್ಲಿ ಮೂಳೆ ಪೂರ್ತಿ ಮುಚ್ಚಿಕೊಂಡಿರುವುದಿಲ್ಲ. ಮೆದುಳಿಗೂ ಹೊರಗಿನ ಕೊಕ್ಕಿಗೂ ನಡುವೆ ಇರುವುದು ತೆಳು ಚರ್ಮ ಮಾತ್ರ. ಬೇರೆ ಕೋಳಿಗೆ ಸುಮ್ನೆ ಒಂದು ಗೀರು ಆಗುವ ಕುಕ್ಕು ಇದಕ್ಕೆ ಫಿಟ್ಸ್ ಬರಿಸಬಹುದು, ಕತ್ತು ತಿರುಚಿಸಬಹುದು. ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ. ತಲೆ ಮೇಲೆ ತಟ್ಟಬಾರದು, ಬೆನ್ನು ನೇವರಿಸಬೇಕು.

ಡಬ್ಬಿಯಲ್ಲಿ ಬಂದ ಆ ಹೇಂಟೆಯ ಕತೆಯೂ ಇದೇ. ಅವರ ಹಿತ್ತಲಲ್ಲಿ ಐದು ದೊಡ್ಡ ಮೊಟ್ಟೆ ಕೋಳಿ, ಇವಳೊಬ್ಬಳೇ ಸಿಲ್ಕಿ, ಮೇವಿನ ತಟ್ಟೆ ಒಂದೇ. ತಟ್ಟೆಯ ಹತ್ತಿರ ನಿಂತಿದ್ದನ್ನು ಅವರು ದಿನಾ ಕಂಡಿದ್ದರು. ನಿಂತಿದ್ದಳು ನಿಜ, ತಿಂದಿರಲಿಲ್ಲ. ತಿನ್ನುವ ಕೋಳಿಯ ಕುತ್ತಿಗೆ ಬುಡದಲ್ಲಿರುವ ಕಾಳಿನ ಚೀಲ ಸಂಜೆ ಹೊತ್ತಿಗೆ ತುಂಬಿ ಉಬ್ಬಿರುತ್ತದೆ, ಮುಟ್ಟಿದರೆ ಮೆತ್ತಗಿನ ಚೆಂಡು ಸಿಗುತ್ತದೆ. ಇವಳದು ಖಾಲಿ. ಆ ದಿನ ಮಾಡಿದ ಮೊದಲ ಚಿಕಿತ್ಸೆ ಕತ್ತರಿಯದು. ಕಣ್ಣಿನ ಸುತ್ತಲಿನ ಜುಟ್ಟನ್ನು ತುದಿ ಮೊಂಡಾದ ಕತ್ತರಿಯಿಂದ ಕತ್ತರಿಸಿದೆ. ಹೊಸದಾಗಿ ಹುಟ್ಟುವ ಗರಿಯ ಬುಡದಲ್ಲಿ ರಕ್ತ ಇರುತ್ತದೆ, ಅದನ್ನು ಮಾತ್ರ ಮುಟ್ಟಬಾರದು. ಕತ್ತರಿಸಿ ಕೆಳಗಿಟ್ಟ ಕೂಡಲೇ ಅವಳು ಕತ್ತು ಹೊರಳಿಸಿ ಕೋಣೆಯ ಸುತ್ತ ನೋಡಿದಳು. ಎಷ್ಟು ಸಲ ಕಂಡರೂ ನನಗೆ ಆ ಕ್ಷಣ ಹಳತಾಗುವುದಿಲ್ಲ.

ಆದ್ದರಿಂದ ಒಂದೇ ಒಂದು ಸಿಲ್ಕಿಯನ್ನು ತಂದು ದೊಡ್ಡ ಕೋಳಿಗಳ ನಡುವೆ ಬಿಡಬೇಡಿ. ಕನಿಷ್ಠ ಮೂರು ಒಟ್ಟಿಗಿರಲಿ. ಬೇರೆ ತಳಿ ಬೇಕೇ ಬೇಕು ಅಂದರೆ ಸಾಧು ಸ್ವಭಾವದ, ಚಿಕ್ಕ ಗಾತ್ರದ ಕೋಳಿಗಳನ್ನು ಆರಿಸಿ. ಮೇವು ಮತ್ತು ನೀರು ಎರಡು ಮೂರು ಕಡೆ ಇಡಿ, ಒಂದು ಇನ್ನೊಂದಕ್ಕೆ ಕಾಣದ ಹಾಗೆ. ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಟ್ಟರೆ ಗಡ್ಡ, ಜುಟ್ಟು ದಿನಾ ಒದ್ದೆಯಾಗಿ ಕೊಳೆ ಕಟ್ಟುತ್ತದೆ, ಕುಕ್ಕಿದರೆ ಹನಿ ಬೀಳುವ ನಿಪ್ಪಲ್ ಇರುವ ನೀರಿನ ಡಬ್ಬಿ ಒಳ್ಳೆಯದು.

ಹೇನು ಮತ್ತು ನುಸಿಯ ಮಾತಿಗೆ ಬಂದರೆ, ದಟ್ಟ ತುಪ್ಪಳ ಅವಕ್ಕೆ ಹೇಳಿ ಮಾಡಿಸಿದ ಮನೆ. ವಾರಕ್ಕೊಮ್ಮೆ ಕೋಳಿಯನ್ನು ಮಡಿಲಲ್ಲಿ ಅಂಗಾತ ಹಿಡಿದು ಹಿಂಭಾಗದ ಸುತ್ತ, ರೆಕ್ಕೆ ಕಂಕುಳಲ್ಲಿ, ಜುಟ್ಟಿನ ಬುಡದಲ್ಲಿ ಗರಿ ಬಿಡಿಸಿ ನೋಡಿ. ಗರಿಯ ಬುಡದಲ್ಲಿ ಬಿಳಿ ಸಕ್ಕರೆ ಹರಳಿನ ಹಾಗೆ ಗಂಟು ಕಟ್ಟಿದ್ದರೆ ಅದು ಹೇನಿನ ಮೊಟ್ಟೆ. ಚರ್ಮದ ಮೇಲೆ ಮಸಿ ಚೆಲ್ಲಿದ ಹಾಗೆ ಕಂಡು ಸರಸರ ಹರಿದರೆ ನುಸಿ. ಆದರೆ ಇಲ್ಲಿ ಚರ್ಮವೇ ಕಪ್ಪು, ಸುಲಭಕ್ಕೆ ಕಾಣದು, ಬಿಳಿ ಬಟ್ಟೆ ಅಥವಾ ಟಿಶ್ಯೂ ಒತ್ತಿ ತೆಗೆದು ನೋಡಿ. ಕಾಲಿನ ಮೇಲೂ ಗರಿ ಇರುವುದರಿಂದ ಪೊರೆ ಎದ್ದ ಕಾಲು ತಡವಾಗಿ ಗೊತ್ತಾಗುತ್ತದೆ. ಪೊರೆಯ ಕೆಳಗೆ ಕೊರೆಯುವ ನುಸಿ ಅದು, ಪೆಟ್ರೋಲಿಯಂ ಜೆಲ್ಲಿಯನ್ನು ದಪ್ಪಗೆ ಕೆಲವು ವಾರ ಹಚ್ಚಿದರೆ ಉಸಿರುಕಟ್ಟಿ ಸಾಯುತ್ತದೆ. ಸಿಲ್ಕಿಗೆ ಕಾಲಿನಲ್ಲಿ ಐದು ಬೆರಳು, ಬಹುಪಾಲು ಕೋಳಿಗಳಿಗೆ ನಾಲ್ಕೇ. ಆ ಐದನೆಯ ಬೆರಳಿನ ಉಗುರು ನೆಲಕ್ಕೆ ತಾಗದೆ, ಸವೆಯದೆ ಸುರುಳಿ ಸುತ್ತುತ್ತದೆ, ಅದನ್ನೂ ಬೆರಳಿನಿಂದ ಹುಡುಕಿ ಕತ್ತರಿಸಿ. ಒಣ ಮಣ್ಣು, ಮರಳಿನ ಧೂಳುಸ್ನಾನಕ್ಕೆ ಜಾಗ ಮಾಡಿಕೊಡಿ. ಔಷಧದ ಪುಡಿ, ಹನಿ ಯಾವುದೇ ಇರಲಿ ವೈದ್ಯರನ್ನು ಕೇಳಿಯೇ ಹಾಕಿ. ಎಷ್ಟು ದಿನ ಮೊಟ್ಟೆ ತಿನ್ನಬಾರದು ಅನ್ನುವುದನ್ನೂ ಆಗಲೇ ಕೇಳಿಕೊಳ್ಳಿ.

ಕತ್ತು ತಿರುಚಿಕೊಂಡ ಸಿಲ್ಕಿ ನೋಡಿದರೆ ಎಂಥವರಿಗೂ ಗಾಬರಿಯಾಗುತ್ತದೆ. ತಲೆ ಕೆಳಗಾಗಿ, ಇಲ್ಲವೇ ನಕ್ಷತ್ರ ನೋಡುವ ಹಾಗೆ ಹಿಂದಕ್ಕೆ ಬಾಗಿ, ಹಿಂದಕ್ಕೇ ಉರುಳುತ್ತದೆ. ತಲೆಗೆ ಪೆಟ್ಟು, ವಿಟಮಿನ್ ಇ ಅಥವಾ ಬಿ1 ಕೊರತೆ, ಕಿವಿಯ ಸೋಂಕು, ಹೀಗೆ ಕಾರಣ ಹಲವು. ಬೇಗ ತಂದರೆ ಎಷ್ಟೋ ಕೋಳಿಗಳು ಸರಿಹೋಗುತ್ತವೆ, ಆದರೆ ವಾರಗಟ್ಟಲೆ ಹಿಡಿಯುತ್ತದೆ. ಅಷ್ಟೂ ದಿನ ಅದು ತಾನಾಗಿ ತಿನ್ನಲಾರದು, ನೀವೇ ತಲೆಯನ್ನು ಮೆಲ್ಲಗೆ ನೇರ ಹಿಡಿದು ದಿನಕ್ಕೆ ನಾಲ್ಕೈದು ಸಲ ಕಲಸಿದ ಮೇವು ತಿನ್ನಿಸಬೇಕು. ಹೆಚ್ಚಿನವು ಸಾಯುವುದು ರೋಗದಿಂದಲ್ಲ, ಹಸಿವು ಮತ್ತು ನೀರಡಿಕೆಯಿಂದ. ವಿಟಮಿನ್ ಇ ಜೊತೆ ಕೊಡುವ ಸೆಲೆನಿಯಂ ಅನ್ನು ಮಾತ್ರ ಅಂದಾಜಿನಲ್ಲಿ ಕೊಡಬೇಡಿ, ಜಾಸ್ತಿಯಾದರೆ ವಿಷ. ತಿಂಗಳುಗಟ್ಟಲೆ ಇಟ್ಟ ಹಳೆ ಮೇವಿನಲ್ಲಿ ವಿಟಮಿನ್ ಇ ಕಡಿಮೆಯಾಗಿರುತ್ತದೆ, ಚೀಲದ ಮೇಲಿನ ತಾರೀಕು ನೋಡಿ ಕೊಳ್ಳಿ.

ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಬಿದ್ದಿದ್ದರೆ ಅದು ಬೇರೆ ವಿಷಯ, ಮಾರೆಕ್ಸ್ ಇರಬಹುದು. ಮೈಯೊಳಗೆ ಗಡ್ಡೆ ಬೆಳೆಸುವ ವೈರಸ್ ಕಾಯಿಲೆ ಇದು, ಔಷಧ ಇಲ್ಲ. ಮರಿ ಹುಟ್ಟಿದ ದಿನವೇ ಹಾಕುವ ಲಸಿಕೆ ಇದೆ. ಅದು ಸೋಂಕನ್ನು ತಡೆಯುವುದಿಲ್ಲ, ಗಡ್ಡೆ ಬೆಳೆಯುವುದನ್ನು ತಡೆಯುತ್ತದೆ. ಸಿಲ್ಕಿಗಳಲ್ಲಿ ನಾನು ಇದನ್ನು ಜಾಸ್ತಿ ನೋಡಿದ್ದೇನೆ, ಹಾಗಾಗಿ ಮರಿ ತರುವಾಗ ಲಸಿಕೆ ಆಗಿದೆಯಾ ಅಂತ ಕೇಳಿಯೇ ತನ್ನಿ.

ಹುಂಜವೋ ಹೇಂಟೆಯೋ ಅನ್ನುವುದು ಐದಾರು ತಿಂಗಳವರೆಗೂ ಸರಿಯಾಗಿ ಗೊತ್ತಾಗುವುದಿಲ್ಲ. ಹೇಂಟೆಯ ಜುಟ್ಟು ಗುಂಡಗೆ, ಹುಂಜದ್ದು ಹಿಂದಕ್ಕೆ ಎಳೆ ಎಳೆಯಾಗಿ ಚಾಚುತ್ತದೆ. ಸಿಕ್ಕಿದ್ದರಲ್ಲಿ ಅರ್ಧ ಹುಂಜವಾದರೆ ಏನು ಮಾಡುತ್ತೀರಿ ಅಂತ ತರುವ ಮೊದಲೇ ಯೋಚಿಸಿ.

ಇನ್ನು ಕಾವು. ಸಿಲ್ಕಿಯ ಹಾಗೆ ಕಾವಿಗೆ ಕೂರುವ ಕೋಳಿ ಅಪರೂಪ. ವರ್ಷಕ್ಕೆ ಇಡುವುದೇ ನೂರು, ನೂರಿಪ್ಪತ್ತು ಸಣ್ಣ ಮೊಟ್ಟೆ, ಮಧ್ಯೆ ಮಧ್ಯೆ ಕಾವು. ಬಾತು ಮೊಟ್ಟೆ ಇಟ್ಟರೂ ಕೂರುತ್ತದೆ, ಖಾಲಿ ಗೂಡಿನಲ್ಲೂ ಕೂರುತ್ತದೆ. ನೋಡಲು ಚೆಂದ, ಆದರೆ 21 ದಿನವೂ ದಿನಕ್ಕೊಮ್ಮೆ ಕಾಲು ಗಂಟೆ ಎದ್ದು ಒಂದಿಷ್ಟು ತಿಂದು, ನೀರು ಕುಡಿದು, ದೊಡ್ಡದೊಂದು ಹಿಕ್ಕೆ ಹಾಕಿ ಮತ್ತೆ ಕೂರುತ್ತದೆ ಅಂದರೆ ಮೈಯಲ್ಲಿ ಏನು ಉಳಿಯುತ್ತದೆ? ಕೆಳಗೆ ಮೊಟ್ಟೆಯೇ ಇಲ್ಲ ಅಂದರೆ 21 ದಿನ ಅನ್ನುವ ಲೆಕ್ಕವೂ ಇಲ್ಲ. ಮರಿ ಬೇಡ ಅಂದರೆ ಮೊದಲ ದಿನವೇ ಎತ್ತಿ, ತಳಕ್ಕೆ ಜಾಲರಿ ಇರುವ ಪಂಜರದಲ್ಲಿ ಕೆಳಗಿಂದ ಗಾಳಿ ಆಡುವ ಹಾಗೆ, ಮೇವು ನೀರು ಇಟ್ಟು ಮೂರು ನಾಲ್ಕು ದಿನ ಬಿಡಿ. ಹೊಟ್ಟೆಯ ಬಿಸಿ ಇಳಿದರೆ ಕಾವೂ ಇಳಿಯುತ್ತದೆ. ಕಾವು ಬಿಡಿಸಲು ನೀರಲ್ಲಿ ಅದ್ದಬೇಡಿ, ಸಿಲ್ಕಿಯನ್ನಂತೂ ಬೇಡವೇ ಬೇಡ.

ಕೋಳಿ ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದು ಬಿಡಬೇಡಿ. ಮುದ್ದು ಬಂದರೂ ಮುತ್ತು ಕೊಡುವುದು ಬೇಡ, ಆರೋಗ್ಯವಾಗಿ ಕಾಣುವ ಕೋಳಿಯಲ್ಲೂ ಸಾಲ್ಮೊನೆಲ್ಲಾ ಇರಬಹುದು.

ಆ ಬಿಳಿ ಹೇಂಟೆಗೆ ಬೇರೆ ಗೂಡು ಆಯಿತು, ಜೊತೆಗೆ ಇನ್ನೆರಡು ಸಿಲ್ಕಿ ಬಂದವು. ಪ್ರತಿ ಭಾನುವಾರ ರಾತ್ರಿ, ಕೋಳಿಗಳು ಮಲಗಿ ಸುಮ್ಮನಿರುವಾಗ, ಅಡುಗೆಮನೆಯ ತಕ್ಕಡಿಯ ಮೇಲೆ ಒಂದು ಬುಟ್ಟಿ ಇಟ್ಟು ತೂಗಿ ನನಗೆ ಮೆಸೇಜ್ ಹಾಕುತ್ತಿದ್ದರು. 650. 690. ಒಂದು ವಾರ ಹಾಗೇ ನಿಂತಿತು. ಆಮೇಲೆ 760, 820. ಹತ್ತನೇ ವಾರ ಫೋನೇ ಬಂತು. "ಡಾಕ್ಟ್ರೇ, ಕಾವಿಗೆ ಕೂತಿದ್ದಾಳೆ, ಮೊಟ್ಟೆ ಇಡ್ಲಾ?" ದನಿಯಲ್ಲಿ ಅಷ್ಟು ಖುಷಿ. ತೂಕ ಎಷ್ಟು ಅಂತ ಕೇಳಿದೆ. 840 ಅಂದರು. ಈ ಸಲ ಬೇಡ, ಪಂಜರಕ್ಕೆ ಹಾಕಿ ಅಂದೆ.